ಕಲ್ಯಾಣವೆಂಬ ಹೆಸರು: ಊರು, ಅರಸು, ಶರಣರು

ಸಿಂಗಟಾಲೂರಿನ ವೀರಭದ್ರೇಶ್ವರನ ದರ್ಶನ ಪಡೆದು ತುಂಗಭದ್ರೆಯ ತಟಕ್ಕೆ ಬಂದವರಿಗೆ ಆಚೆಗೆ ಹೂವಿನಹಡಗಲಿಯ ಸೀಮೆ ಕಾಣುತ್ತದೆ. ಈ ದಡ 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಆ ದಡ 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಈಗ ಸರಕಾರದ ಪರಿಭಾಷೆಯಲ್ಲಿ ಆ ದಡ 2019ರಿಂದ ಕಲ್ಯಾಣ ಕರ್ನಾಟಕ, ಈ ದಡ 2021ರಿಂದ ಕಿತ್ತೂರು ಕರ್ನಾಟಕ. ಇವೆರಡೂ ಊರಿನ ಹೆಸರುಗಳು. ಅರಸುಮನೆತನಗಳನ್ನು ಗುರುತಿಸಿದ ಹೆಸರುಗಳೂ ಹೌದು. ಇವುಗಳಲ್ಲಿ ಕಲ್ಯಾಣವೆಂಬ ಹೆಸರಿನ ಅರ್ಥವನ್ನು ವಿಚಾರಿಸುವುದು ಶರಣಮಾರ್ಗದಲ್ಲಿ ನಡೆಯುವವರಿಗೆ ಅವಶ್ಯವಾಗಿದೆ.

ಕಲ್ಯಾಣವೆಂದರೆ ಮಂಗಲ, ಶುಭ. ನಿಘಂಟುಗಳಲ್ಲಿ ಬಂಗಾರವೆಂಬ ಅರ್ಥವೂ ಉಂಟು. ಜನರ ಬಾಯಲ್ಲಿ ಅದು ಮದುವೆ. ಗುಡಿಯ ಮುಂದಿನ ಪಾವಟಿಗೆಗಳ ಹೊಂಡ ಕಲ್ಯಾಣಿ. ಇಂಥ ಶುಭನಾಮವನ್ನು ಹಲವು ಊರುಗಳು ಧರಿಸಿದುದು ಸಹಜವೇ. ಮುಂಬಯಿಯ ಸಮೀಪದ ಕಲ್ಯಾಣವು ಕ್ರಿಸ್ತಶಕದ ಆರಂಭಕಾಲದಲ್ಲಿಯೇ ಗ್ರೀಕ್ ನಾವಿಕರಿಗೆ ಪರಿಚಿತವಾಗಿದ್ದ ರೇವುಪಟ್ಟಣ. ಆಂಧ್ರದಲ್ಲಿ ಕಲ್ಯಾಣದುರ್ಗವಿದೆ. ನಮ್ಮ ಕಲ್ಯಾಣವು ಬೀದರ ಜಿಲ್ಲೆಯಲ್ಲಿದ್ದು, ಈಗ ಬಸವಕಲ್ಯಾಣವೆನಿಸಿದೆ.

1042ರಲ್ಲಿ ಪಟ್ಟವೇರಿದ ಚಾಲುಕ್ಯ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ ಈ ಕಲ್ಯಾಣಕ್ಕೆ ತಂದನು. 1076ರಿಂದ ಅರ್ಧ ಶತಮಾನ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು 'ಮಿತಾಕ್ಷರಾ'ವನ್ನು ರಚಿಸಿದನು. ಕಾಶ್ಮೀರದ ಬಿಲ್ಹಣನು ಆ ಆಸ್ಥಾನವನ್ನು ಸೇರಿದನು. ಮುಂಡರಗಿ ತಾಲೂಕಿನ ಡಂಬಳದ ದೊಡ್ಡಬಸಪ್ಪನ ಗುಡಿ ಅದೇ ಚಾಲುಕ್ಯ ಶಿಲ್ಪದ ಕುರುಹು. ಬಾದಾಮಿಯ ಹಾಗೂ ವೆಂಗಿಯ ಚಾಲುಕ್ಯರಿಂದ ಬೇರೆಯಾಗಿ ಗುರುತಿಸಲು ಇತಿಹಾಸಕಾರರು ಈ ಮನೆತನವನ್ನು ಊರಿನ ಹೆಸರಿನಿಂದಲೇ ಕರೆದರು.

ಅರಸರು ಊರಿನ ಹೆಸರನ್ನು ಬಿರುದಾಗಿ ಧರಿಸುವ ರೂಢಿ ಹಳೆಯದು. ಕದಂಬರು ಬನವಾಸಿಪುರವರಾಧೀಶ್ವರರು, ಸವದತ್ತಿಯ ರಟ್ಟರು ದೂರದ ಲತ್ತಲೂರಿನ ಹೆಸರು ಹೊತ್ತವರು. ಆಳುವ ಊರು ಬೇರೆ, ಬಿರುದಿನ ಊರು ಬೇರೆ! ಕಲ್ಯಾಣದ ಸಿಂಹಾಸನವನ್ನೇರಿದ ಕಳಚುರಿ ಬಿಜ್ಜಳನ ವಂಶದ ಬಿರುದು ಉತ್ತರದೇಶದ ಕಾಲಂಜರದ್ದು. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ಅರವೀಡು ಮನೆತನದವರು ತಮ್ಮನ್ನು ಚಾಲುಕ್ಯವಂಶಜರೆಂದೂ ಕಲ್ಯಾಣಪುರದ ಒಡೆಯರೆಂದೂ ಹೇಳಿಕೊಂಡರು. ಅಳಿದ ವೈಭವದ ನೆನಪೇ ಅವರಿಗೆ ಆಭರಣವಾಯಿತು.

ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರಿಗೆ ಕಲ್ಯಾಣವು ಬಿರುದಾಗಿರಲಿಲ್ಲ, ನಿತ್ಯದ ಕಾಯಕವಾಗಿತ್ತು. ನೇಯುವವರು, ಕಟ್ಟಿಗೆ ಮಾರುವವರು, ಅಂಬಿಗರು ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಅನುಭಾವವನ್ನು ಹಂಚಿಕೊಂಡರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆಯಾಯಿತೆಂದು ಶರಣಪರಂಪರೆ ಹೇಳುತ್ತದೆ. ಕಲ್ಯಾಣಪಟ್ಟಣದಲ್ಲಿ ನಡೆದ ಆ ಒಂದು ಕಲ್ಯಾಣವನ್ನು ಅರಸೊತ್ತಿಗೆ ಸಹಿಸದೆ ಹೋಯಿತು. ಇಬ್ಬರು ತಂದೆಯರೂ ಘೋರ ಶಿಕ್ಷೆಗೆ ಗುರಿಯಾದರು, ಶರಣರು ಚದುರಿದರು. ಹೆಸರಿನಲ್ಲಿ ಮಂಗಲವಿದ್ದ ಪಟ್ಟಣದಲ್ಲಿ ಮಂಗಲಕಾರ್ಯಕ್ಕೇ ಎಡೆಯಿಲ್ಲವಾಯಿತೆಂಬುದು ಇತಿಹಾಸದ ವಿಪರ್ಯಾಸ. ಆದರೆ ಊರು ಬಿಟ್ಟು ಹೊರಟವರು ಕಲ್ಯಾಣದ ಅರ್ಥವನ್ನು ಅಲ್ಲಿಯೇ ಬಿಟ್ಟು ಹೋಗಲಿಲ್ಲ. ಉಳವಿಯವರೆಗೂ ಅದನ್ನು ಹೊತ್ತು ನಡೆದರು.

ಆದುದರಿಂದ ಒಂದು ಸೀಮೆಗೆ ಕಲ್ಯಾಣವೆಂದು ಹೆಸರಿಟ್ಟರೆ ಅರ್ಧ ಕಾರ್ಯ ಮಾತ್ರವಾದಂತೆ. ನಮ್ಮ ಓಣಿಯಲ್ಲಿ ಇಂದು ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ ನಿಶ್ಚಯವಾದರೆ ಅಕ್ಷತೆ ಹಾಕಲು ನಾವೆಷ್ಟು ಜನ ಹೋಗುವೆವು? ಈ ಪ್ರಶ್ನೆಗೆ ಸಮಾಧಾನದ ಉತ್ತರ ದೊರೆತ ದಿನ ಹೊಳೆಯ ಎರಡೂ ದಡಗಳಿಗೆ ಆ ಹೆಸರು ಸಲ್ಲುತ್ತದೆ. ಅಲ್ಲಿಯವರೆಗೆ ಅದು ಅರಸರ ಬಿರುದಿನಂತೆ ಬರಿಯ ಆಭರಣವಷ್ಟೆ.