ಡಂಡೀ: ಚರ್ಚಿಲ್ ಸೋತ ಮತಕ್ಷೇತ್ರ

ರಾಗಿಯಾಗಲಿ, ಭತ್ತವಾಗಲಿ, ನಮ್ಮೂರ ಬೆಳೆ ಸಂತೆಗೆ ಹೋಗುತ್ತಿದ್ದುದು ಗೋಣಿಚೀಲದಲ್ಲಿ. ಆ ಗೋಣಿಯ ಜಾಡು ಹಿಡಿದು ಹೊರಟರೆ ಸ್ಕಾಟ್ಲೆಂಡಿನ ಡಂಡೀ ಎಂಬ ಬಂದರು ಪಟ್ಟಣ ಸಿಗುತ್ತದೆ. ಬಂಗಾಳದ ಸೆಣಬು ಹಡಗಿನಲ್ಲಿ ಅಲ್ಲಿಗೆ ಹೋಗಿ, ತಿಮಿಂಗಿಲದ ಎಣ್ಣೆಯಿಂದ ಮೆದುವಾಗಿ, ಗಿರಣಿಗಳಲ್ಲಿ ನೂಲಾಗುತ್ತಿತ್ತು. ಗಿರಣಿಗಳ ದುಡಿಮೆಗಾರರಲ್ಲಿ ಹೆಂಗಸರೇ ಹೆಚ್ಚು.

1832ಕ್ಕೆ ಮೊದಲು ಡಂಡೀ, ಪರ್ತ್ ಸೇರಿ ಐದು ಪಟ್ಟಣಗಳಿಗೆ ಬ್ರಿಟಿಷ್ ಸಂಸತ್ತಿನಲ್ಲಿ ಒಬ್ಬನೇ ಸದಸ್ಯ. ಆ ವರ್ಷದ ಸುಧಾರಣಾ ಕಾಯ್ದೆಯಿಂದ ಡಂಡೀ ಸ್ವತಂತ್ರ ಕ್ಷೇತ್ರವಾಯಿತು. ಮೊದಲು ಗೆದ್ದವರು ಜಾರ್ಜ್ ಕಿನ್ಲಾಕ್. 1819ರಲ್ಲಿ ಪೀಟರ್‌ಲೂ ಹತ್ಯಾಕಾಂಡವನ್ನು ಖಂಡಿಸಿ ಭಾಷಣ ಮಾಡಿದ್ದಕ್ಕೆ ಮೊಕದ್ದಮೆ ಎದುರಿಸಬೇಕಾಗಿ ಬಂದು, ಫ್ರಾನ್ಸಿಗೆ ತಪ್ಪಿಸಿಕೊಂಡು ಹೋಗಿದ್ದವರು ಅವರು. ಗೆದ್ದ ಕೆಲವೇ ತಿಂಗಳಲ್ಲಿ ತೀರಿಕೊಂಡರು. 1868ರಿಂದ ಕ್ಷೇತ್ರಕ್ಕೆ ಇಬ್ಬರು ಸದಸ್ಯರು. ಪ್ರತಿ ಮತದಾರನಿಗೆ ಎರಡು ಮತ.

1908ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸೋತ ವಿನ್‌ಸ್ಟನ್ ಚರ್ಚಿಲ್ ಡಂಡೀಯ ಉಪಚುನಾವಣೆಗೆ ನಿಂತು 7,079 ಮತ ಪಡೆದು ಗೆದ್ದರು. ಅದೇ ಚುನಾವಣೆಯಲ್ಲಿ ಕೊನೆಯವರಾಗಿ ಬಂದವರು ಎಡ್ವಿನ್ ಸ್ಕ್ರಿಮ್ಜರ್. ಪಾನನಿಷೇಧವೇ ಅವರ ಪಕ್ಷ. ಸಿಕ್ಕಿದ್ದು 655 ಮತ. ಠೇವಣಿ ಹೋದವರನ್ನು ನಮ್ಮಲ್ಲಿ ಹೇಗೆ ನೋಡುತ್ತಾರೋ ಎಲ್ಲರಿಗೂ ಗೊತ್ತು. ಆದರೆ ಸ್ಕ್ರಿಮ್ಜರ್ ಮನೆಗೆ ಹೋಗಿ ಕೂರಲಿಲ್ಲ. ಮತ್ತೆ ನಿಂತರು, ಸೋತರು. ಹೀಗೆ ಐದು ಸಲ.

1918ರ ಕಾಯ್ದೆ ಬಡ ಗಂಡಸರೆಲ್ಲರಿಗೂ, 30 ದಾಟಿದ ಬಹುಪಾಲು ಹೆಂಗಸರಿಗೂ ಮತ ಕೊಟ್ಟಿತು. ಯುದ್ಧ ಮುಗಿದ ಮೇಲೆ ನಿರುದ್ಯೋಗ ಪಟ್ಟಣವನ್ನು ಹಿಂಡುತ್ತಿತ್ತು. 1922ರ ನವೆಂಬರಿನಲ್ಲಿ ಚರ್ಚಿಲ್ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಲಗಿದ್ದಾಗ, ಪತ್ನಿ ಕ್ಲೆಮೆಂಟೈನ್ ಅವರ ಪರವಾಗಿ ಪ್ರಚಾರ ಮಾಡಿದರು. ಎಣಿಕೆಯಾದಾಗ ಸ್ಕ್ರಿಮ್ಜರ್‌ಗೆ 32,578 ಮತ. ಎರಡನೆಯ ಸ್ಥಾನ ಲೇಬರ್ ಪಕ್ಷದ ಇ. ಡಿ. ಮೊರೆಲ್ ಅವರದು. ಮಂತ್ರಿಯಾಗಿ ಮೆರೆದಿದ್ದ ಚರ್ಚಿಲ್ 20,466 ಮತ ಪಡೆದು ನಾಲ್ಕನೆಯವರಾದರು.

ಸ್ಕ್ರಿಮ್ಜರ್ 1923ರಲ್ಲಿ ತಂದ ಪಾನನಿಷೇಧ ಮಸೂದೆ ಬಿದ್ದುಹೋಯಿತು. ಪಾನನಿಷೇಧದ ಹೆಸರಿನಲ್ಲೇ ಗೆದ್ದು ಆ ಸಂಸತ್ತಿಗೆ ಹೋದವರು ಇನ್ನೊಬ್ಬರಿಲ್ಲ. 1931ರಲ್ಲಿ ಅವರೂ ಸೋತರು. ಅಂದು ಗೆದ್ದವರಲ್ಲಿ ಫ್ಲಾರೆನ್ಸ್ ಹಾರ್ಸ್‌ಬ್ರೂ ಎಂಬ ಮಹಿಳೆಯೂ ಇದ್ದರು. 1950ರಲ್ಲಿ ಕ್ಷೇತ್ರ ಪೂರ್ವ, ಪಶ್ಚಿಮ ಎಂದು ಎರಡಾಗಿ, ಹಳೆಯ ಡಂಡೀ ನಕ್ಷೆಯಿಂದ ಮರೆಯಾಯಿತು.

ದೊಡ್ಡ ಹೆಸರನ್ನು ಇಳಿಸಿದ್ದು ಗಿರಣಿಯ ಧೂಳು ಕುಡಿದ ಜನರ ಮತ. ನಮ್ಮ ಶಾಲೆಯಿಂದ ಹೊರಟು ಮೊದಲ ಮತ ಹಾಕಲಿರುವ ತಮ್ಮಂದಿರೂ ತಂಗಿಯರೂ 32,578ರ ಜೊತೆಗೆ ಆ 655ನ್ನೂ ನೆನಪಿಟ್ಟುಕೊಳ್ಳಲಿ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್