ತನ್ನನ್ನು ತಾನೇ ಅಳೆದುಕೊಳ್ಳುವ ವಿಭಾಗ: ಸ್ವ-ಅಧ್ಯಯನ ವರದಿಯ ಒಂದು ಚರಿತ್ರೆ

ನನ್ನ ಊರು ಮನೋಳಿ. ಸರ್ಕಾರಿ ಕಾಗದಗಳಲ್ಲಿ ಅದು ಮುನವಳ್ಳಿ. ಸವದತ್ತಿ ತಾಲೂಕಿನ ಜನರ ಬಾಯಲ್ಲಿ ಇಂದಿಗೂ ಮನೋಳಿಯೇ. ಊರಿಗೆ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಕಟ್ಟಿದ ಅಣೆಕಟ್ಟಿದೆ. ಜಲಾಶಯದ ಗರಿಷ್ಠ ನೀರಿನ ಮಟ್ಟ 2079.50 ಅಡಿ, ಸಂಗ್ರಹ ಸಾಮರ್ಥ್ಯ 37.73 ಟಿಎಂಸಿ. ಮಳೆಗಾಲದಲ್ಲಿ ಈ ಅಂಕಿಗಳು ಚಹಾದಂಗಡಿಯ ಮಾತಿನಲ್ಲೂ ಬರುತ್ತವೆ. ಇವತ್ತು ಎಷ್ಟು ಅಡಿ ಏರಿತು, ಗೇಟು ಯಾವಾಗ ತೆರೆಯುತ್ತಾರೆ ಎಂಬುದು ನದಿ ದಂಡೆಯ ಜನರಿಗೆ ಬದುಕಿನ ಪ್ರಶ್ನೆ. 2019ರ ಆಗಸ್ಟ್ ತಿಂಗಳ ಪ್ರವಾಹ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಯಾವುದೇ ಜಲಾಶಯದ ಬಗ್ಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ತಳದಲ್ಲಿ ಹೂಳು ಎಷ್ಟಿದೆ? ನೀರಿನ ಮಟ್ಟವನ್ನು ದಂಡೆಯ ಮೇಲೆ ನಿಂತು ಅಳತೆಪಟ್ಟಿ ನೋಡಿ ಹೇಳಬಹುದು. ಹೂಳನ್ನು ತಿಳಿಯಲು ದೋಣಿಯಲ್ಲಿ ಹೋಗಿ ಅಲ್ಲಲ್ಲಿ ಆಳ ಅಳೆಯಬೇಕು. ಅರ್ಧ ಹೂಳು ತುಂಬಿದ ಜಲಾಶಯವನ್ನೂ ಅಳತೆಪಟ್ಟಿ 'ಭರ್ತಿ' ಎಂದೇ ತೋರಿಸುತ್ತದೆ!

ವಿಶ್ವವಿದ್ಯಾಲಯದ ಒಂದು ಶಿಕ್ಷಣಕ್ರಮವೂ ಹೀಗೆಯೇ. ಶೇಕಡಾವಾರು ಫಲಿತಾಂಶ, ಕಟ್ಟಡಗಳ ವಿಸ್ತೀರ್ಣ, ಗ್ರಂಥಾಲಯದ ಪುಸ್ತಕಗಳ ಸಂಖ್ಯೆ ಇವೆಲ್ಲ ದಂಡೆಯಿಂದ ಕಾಣುವ ಮಟ್ಟಗಳು. ಒಳಗಿನ ಹೂಳನ್ನು ಅಲ್ಲಿ ಪಾಠ ಮಾಡುವವರೇ ಅಳೆಯಬೇಕು. ಹಾಗೆ ಅಳೆಯುವ ಕ್ರಮಕ್ಕೆ 'ಸ್ವ-ಅಧ್ಯಯನ' ಎಂದು ಹೆಸರು. ಈ ಪದ್ಧತಿ ನಮ್ಮಲ್ಲಿಗೆ ಹೇಗೆ ಬಂತು, ಬಂದ ಮೇಲೆ ಏನಾಯಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಹೊರಗಿನವರ ತಪಾಸಣೆ

1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯವು ಮೊದಲ ದಶಕಗಳಲ್ಲಿ ಮುಖ್ಯವಾಗಿ ಪರೀಕ್ಷೆ ನಡೆಸುವ ಸಂಸ್ಥೆಯಾಗಿತ್ತು. ಪಾಠ ಹೇಳುವುದು ಕಾಲೇಜುಗಳ ಕೆಲಸ. 1902ರ ರ‍್ಯಾಲೇ ಆಯೋಗದ ಶಿಫಾರಸಿನ ನಂತರ ಬಂದ 1904ರ ಭಾರತೀಯ ವಿಶ್ವವಿದ್ಯಾಲಯಗಳ ಕಾಯಿದೆಯು, ತನಗೆ ಸೇರಿದ ಕಾಲೇಜುಗಳನ್ನು ತಪಾಸಣೆ ಮಾಡುವ ಹೊಣೆಯನ್ನು ವಿಶ್ವವಿದ್ಯಾಲಯಕ್ಕೆ ವಹಿಸಿತು. ಕೊಠಡಿಗಳಿವೆಯೇ, ಅಧ್ಯಾಪಕರಿದ್ದಾರೆಯೇ, ಪ್ರಯೋಗಾಲಯವಿದೆಯೇ ಎಂದು ಹೊರಗಿನವರು ಬಂದು ನೋಡುವ ಪದ್ಧತಿ ಗಟ್ಟಿಯಾದದ್ದು ಆಗ.

ನಮ್ಮ ಭಾಗದ ಕಾಲೇಜುಗಳೂ ಇದೇ ವ್ಯವಸ್ಥೆಯಲ್ಲಿ ಬೆಳೆದವು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜು, 1933ರಲ್ಲಿ ಆರಂಭವಾದ ಬೆಳಗಾವಿಯ ಲಿಂಗರಾಜ ಕಾಲೇಜು ಎರಡೂ ಮುಂಬಯಿಯ ಕಡೆ ಮುಖ ಮಾಡಿದ್ದವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಮರುವರ್ಷ ಮುಂಬಯಿಯಿಂದ ಧಾರವಾಡಕ್ಕೆ ಬಂದ ಮೇಲೆ ತಪಾಸಣೆ ಮಾಡುವವರು ಹತ್ತಿರದವರಾದರು. ಗೋಕಾಕ ತಾಲೂಕಿನ ಮಮದಾಪುರದವರಾದ ಗಣಿತಜ್ಞ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಗಳಾಗಿದ್ದು ಈ ವಿಶ್ವವಿದ್ಯಾಲಯವನ್ನು ಕಟ್ಟಿದರು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾಗುವವರೆಗೆ ಸವದತ್ತಿ ಭಾಗದ ಕಾಲೇಜುಗಳೂ ಧಾರವಾಡಕ್ಕೇ ಸೇರಿದ್ದವು.

ಅಧ್ಯಾಪಕರೆಲ್ಲ 'ಎಲ್.ಐ.ಸಿ.' ಎಂದು ಕರೆಯುವ ಸ್ಥಳೀಯ ವಿಚಾರಣಾ ಸಮಿತಿ 1904ರ ಆ ತಪಾಸಣೆಯ ಮೊಮ್ಮಗು ಎನ್ನಬಹುದು. ಸಮಿತಿಯವರು ಬರುತ್ತಾರೆ, ದಾಖಲೆ ನೋಡುತ್ತಾರೆ, ಹೋಗುತ್ತಾರೆ. ಮಾತನಾಡುವವರು ಅವರು, ಕಾಲೇಜಿನವರು ಕೇಳಿದ್ದಕ್ಕೆ ಉತ್ತರ ಕೊಡುವವರು ಮಾತ್ರ.

ಮೂರು ಸಮಿತಿಗಳು, ಒಂದು ಸಂಸ್ಥೆ

ಹೊರಗಿನವರ ಪರಿಶೀಲನೆಯ ಶಕ್ತಿ ಮತ್ತು ಮಿತಿ ಎರಡನ್ನೂ ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಕೆಲಸವನ್ನು ಮುಂದಿನ ಮೂರು ದಶಕಗಳೊಳಗೆ ಮೂರು ಸಮಿತಿಗಳು ಪರಿಶೀಲಿಸಿದವು. 1921ರಲ್ಲಿ ಕೇಂಬ್ರಿಡ್ಜಿನ ರಸಾಯನವಿಜ್ಞಾನಿ ವಿಲಿಯಂ ಪೋಪ್, 1930-31ರಲ್ಲಿ ಪ್ರಾಣಿವಿಜ್ಞಾನಿ ಸೀಮೋರ್ ಸೀವೆಲ್, 1936ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಮುಖ್ಯಸ್ಥ ಜೇಮ್ಸ್ ಅರ್ವಿನ್ ಇವುಗಳ ಅಧ್ಯಕ್ಷರು.

ಮೂರನೆಯದು ಹೆಚ್ಚು ಪ್ರಸಿದ್ಧ. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. 1933ರಲ್ಲಿ ಬಂದ ಅವರು ಭೌತವಿಜ್ಞಾನ ವಿಭಾಗವನ್ನು ಹೊಸದಾಗಿ ಕಟ್ಟಿದರು. ಭೌತವಿಜ್ಞಾನಕ್ಕೆ ಸಿಗುವ ಒತ್ತಿನಿಂದ ರಸಾಯನವಿಜ್ಞಾನದಂಥ ಇತರ ವಿಭಾಗಗಳು ಸೊರಗುತ್ತಿವೆ ಎಂಬ ಅಸಮಾಧಾನ ಒಳಗೇ ಬೆಳೆದಿತ್ತು. ಅರ್ವಿನ್ ಸಮಿತಿಯ ವರದಿ ರಾಮನ್ ಅವರ ಆಡಳಿತಕ್ಕೆ ಪ್ರತಿಕೂಲವಾಗಿತ್ತು. 1937ರಲ್ಲಿ ಅವರು ನಿರ್ದೇಶಕ ಸ್ಥಾನ ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿ ಮುಂದುವರಿದರು.

ಇದೇ ವಿಭಾಗದಲ್ಲಿ, ಇದೇ 1935-36ರ ಅವಧಿಯಲ್ಲಿ, ರಾಮನ್ ಮತ್ತು ನಾಗೇಂದ್ರನಾಥ್ ಅವರು ಶ್ರವಣಾತೀತ ತರಂಗಗಳಿಂದ ಬೆಳಕು ವಿವರ್ತನೆಗೊಳ್ಳುವುದನ್ನು ವಿವರಿಸುವ ಸಿದ್ಧಾಂತವನ್ನು ರೂಪಿಸಿದರು. ಅದು ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಸಮಿತಿ ಕಂಡ ಅಸಮತೋಲನವೂ ಇತ್ತು, ಪ್ರಯೋಗಾಲಯದ ಜೀವಂತಿಕೆಯೂ ಇತ್ತು. ಹೊರಗಿನವರು ಒಳಗಿನವರಿಗೆ ಕಾಣದ ದೋಷವನ್ನು ಕಾಣಬಲ್ಲರು. ಆದರೆ ಒಂದು ವಿಭಾಗ ತನ್ನ ಉದ್ದೇಶಗಳೇನು, ಎಲ್ಲಿ ಎಡವಿದೆ ಎಂದು ತಾನೇ ಮೊದಲು ಬರೆದಿಡದೆ ಹೋದರೆ ಪರಿಶೀಲನೆಯು ವಿಚಾರಣೆಯ ರೂಪ ತಾಳುತ್ತದೆ. ಆಗ ಒಂದು ಕಡೆ ಆರೋಪ, ಇನ್ನೊಂದು ಕಡೆ ಸಮರ್ಥನೆ ಉಳಿಯುತ್ತವೆ, ಕಲಿಕೆ ಉಳಿಯುವುದಿಲ್ಲ.

ಮೊದಲ ಮಾತು ಒಳಗಿನವರದು

ಈ ಕೊರತೆಗೆ ಉತ್ತರವಾಗಿ ಬಂದದ್ದೇ ಸ್ವ-ಅಧ್ಯಯನ. ಅಮೆರಿಕದಲ್ಲಿ 19ನೆಯ ಶತಮಾನದ ಕೊನೆಯಲ್ಲಿ ಕಾಲೇಜುಗಳೇ ಸೇರಿ ಪ್ರಾದೇಶಿಕ ಮಾನ್ಯತಾ ಸಂಘಗಳನ್ನು ಕಟ್ಟಿಕೊಂಡವು. 20ನೆಯ ಶತಮಾನದ ಮಧ್ಯದ ಹೊತ್ತಿಗೆ ಸಂಸ್ಥೆ ತನ್ನನ್ನು ತಾನೇ ಪರೀಕ್ಷಿಸಿ ಬರೆದ ವರದಿ ಆ ಮಾನ್ಯತೆಯ ತಿರುಳಾಯಿತು. ಮೊದಲು ಸಂಸ್ಥೆಯ ಮಾತು, ಆಮೇಲೆ ಅದನ್ನು ಸ್ಥಳದಲ್ಲಿ ಪರಿಶೀಲಿಸುವ ಸಮಾನಸ್ಕಂಧರ ತಂಡ ಎಂಬುದು ಆ ಕ್ರಮ.

ಭಾರತದಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತು 1992ರ ಕಾರ್ಯಯೋಜನೆಯ ಫಲವಾಗಿ 1994ರಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಅಂದರೆ 'ನ್ಯಾಕ್', ಒಂದು. ಅದರ ಮೊದಲ ನಿರ್ದೇಶಕ ಅರುಣ್ ನಿಗವೇಕರ್ ಅವರು ಭೌತವಿಜ್ಞಾನಿ ಎಂಬುದು ನನ್ನಂಥವರಿಗೆ ಸಂತೋಷದ ಸಂಗತಿ. ತಾಂತ್ರಿಕ ಶಿಕ್ಷಣಕ್ಕಾಗಿ ಹುಟ್ಟಿದ ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ 'ಎನ್.ಬಿ.ಎ.', ಇನ್ನೊಂದು. ನ್ಯಾಕ್ ಇಡೀ ಸಂಸ್ಥೆಯನ್ನು ನೋಡಿದರೆ, ಎನ್.ಬಿ.ಎ. ಒಂದೊಂದು ಶಿಕ್ಷಣಕ್ರಮವನ್ನು ಬೇರೆಬೇರೆಯಾಗಿ ನೋಡುತ್ತದೆ. 2014ರಲ್ಲಿ ಭಾರತವು ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ರಾಷ್ಟ್ರವಾದದ್ದು ಈ ಎನ್.ಬಿ.ಎ. ಮೂಲಕ.

ನ್ಯಾಕ್ ಏಳು ಮಾನದಂಡಗಳನ್ನು ನಿಗದಿಪಡಿಸಿತು: ಪಠ್ಯಕ್ರಮ, ಬೋಧನೆ-ಕಲಿಕೆ-ಮೌಲ್ಯಮಾಪನ, ಸಂಶೋಧನೆ ಮತ್ತು ವಿಸ್ತರಣೆ, ಮೂಲಸೌಕರ್ಯ, ವಿದ್ಯಾರ್ಥಿ ನೆರವು, ಆಡಳಿತ ಮತ್ತು ಉತ್ತಮ ರೂಢಿಗಳು. ಕೊನೆಯ ಎರಡರ ಹೆಸರು ಆಗಾಗ ಬದಲಾದರೂ ಚೌಕಟ್ಟು ಬಹುಕಾಲ ಹಾಗೆಯೇ ಉಳಿಯಿತು.

ವರದಿ ಸಿದ್ಧವಾಗುವ ಬಗೆ

ಒಂದು ಬಿ.ಎಸ್ಸಿ. ಶಿಕ್ಷಣಕ್ರಮದ ಸ್ವ-ಅಧ್ಯಯನವನ್ನು ಸರಿಯಾಗಿ ಮಾಡಬೇಕಾದರೆ ನಾಲ್ಕು ಹಂತಗಳಿವೆ. ಮೊದಲು ವಿಭಾಗವು ತನ್ನ ಉದ್ದೇಶವನ್ನು ಬರೆಯಬೇಕು: ಇಲ್ಲಿಂದ ಹೊರಹೋಗುವ ವಿದ್ಯಾರ್ಥಿಗೆ ಏನು ಬರಬೇಕು? ಎರಡನೆಯದು ದತ್ತಾಂಶ: ಪ್ರವೇಶ, ಹಾಜರಿ, ಫಲಿತಾಂಶ, ಉಪಕರಣಗಳು, ಹಳೆಯ ವಿದ್ಯಾರ್ಥಿಗಳ ಮುಂದಿನ ದಾರಿ. ಮೂರನೆಯದು ವಿಶ್ಲೇಷಣೆ: ಉದ್ದೇಶಕ್ಕೂ ದತ್ತಾಂಶಕ್ಕೂ ನಡುವಿನ ಅಂತರ ಎಷ್ಟು, ಅದಕ್ಕೆ ಕಾರಣವೇನು? ನಾಲ್ಕನೆಯದು ಯೋಜನೆ: ಮುಂದಿನ ವರ್ಷಗಳಲ್ಲಿ ಏನನ್ನು, ಯಾರು, ಯಾವಾಗ ಸರಿಪಡಿಸುತ್ತಾರೆ?

ಬಹಳಷ್ಟು ವರದಿಗಳು ಎರಡನೆಯ ಹಂತದಲ್ಲೇ ನಿಂತುಬಿಡುತ್ತವೆ. ಕೋಷ್ಟಕ ತುಂಬುವುದನ್ನೇ ಅಧ್ಯಯನ ಎಂದುಕೊಳ್ಳುತ್ತೇವೆ. ಕಪಾಟಿನಲ್ಲಿರುವ ಸ್ಪೆಕ್ಟ್ರೋಮೀಟರುಗಳ ಸಂಖ್ಯೆ ಬರೆಯುತ್ತೇವೆ. ಒಂದು ಸ್ಪೆಕ್ಟ್ರೋಮೀಟರನ್ನು ಎಷ್ಟು ವಿದ್ಯಾರ್ಥಿಗಳು ಸ್ವತಃ ಮುಟ್ಟಿದ್ದಾರೆ ಎಂದು ಬರೆಯುವುದಿಲ್ಲ.

ಒಂದು ಕೋಷ್ಟಕದ ಕಥೆ

2000ದ ದಶಕದ ಮಧ್ಯಭಾಗ. ನಾನು ಕೆಲಸ ಮಾಡುತ್ತಿದ್ದ ಕಾಲೇಜು ಸ್ವ-ಅಧ್ಯಯನ ವರದಿ ಸಿದ್ಧಪಡಿಸುತ್ತಿತ್ತು. ಕಿರಿಯ ಅಧ್ಯಾಪಕನಾದ ನನಗೆ ಭೌತವಿಜ್ಞಾನ ವಿಭಾಗದ ಅಂಕಿಅಂಶಗಳ ಕೆಲಸ ಬಂತು. ಫಲಿತಾಂಶದ ಕಾಲಂ ನೋಡಿದಾಗ ನಮ್ಮದು ಉತ್ತಮ ವಿಭಾಗ. ಕೊನೆಯ ವರ್ಷದ ಪರೀಕ್ಷೆಗೆ ಕುಳಿತವರು 36, ತೇರ್ಗಡೆಯಾದವರು 32. ಅಂದರೆ ಸುಮಾರು ಶೇ. 89.

ಆದರೆ ಅದೇ ತಂಡ ಮೂರು ವರ್ಷಗಳ ಹಿಂದೆ ಸೇರಿದಾಗ 60 ಮಂದಿಯಿದ್ದರು. 60ರಲ್ಲಿ 32 ಎಂದರೆ ಸುಮಾರು ಶೇ. 53 ಮಾತ್ರ. ಛೇದ ಬದಲಾದರೆ ವಿಭಾಗದ ಚಿತ್ರವೇ ಬದಲಾಗುತ್ತದೆ! ಉಳಿದ 24 ಮಂದಿ ಎಲ್ಲಿಗೆ ಹೋದರು?

ನಾನೂ ಇನ್ನೊಬ್ಬ ಸಹೋದ್ಯೋಗಿಯೂ ಹಳೆಯ ಹಾಜರಿ ಪುಸ್ತಕಗಳನ್ನು ತೆಗೆದು ಕುಳಿತೆವು. ಕೆಲವರು ಇಂಜಿನಿಯರಿಂಗ್, ಡಿ.ಇಡಿ. ಎಂದು ಹೋಗಿದ್ದರು. ಕೆಲವರು ಗಣಿತದಲ್ಲಿ ಹಿಂದೆ ಬಿದ್ದಿದ್ದರು. ಆದರೆ ಬಿಟ್ಟುಹೋದವರಲ್ಲಿ ಹಳ್ಳಿಗಳಿಂದ ಬರುತ್ತಿದ್ದ ಹುಡುಗಿಯರ ಹೆಸರುಗಳು ಎದ್ದು ಕಂಡವು. ಅವರ ಹಾಜರಿಯಲ್ಲಿ ಒಂದು ವಿಶೇಷವಿತ್ತು. ಬೆಳಗಿನ ತರಗತಿಗಳಲ್ಲಿ ಹಾಜರಿ ಚೆನ್ನಾಗಿದೆ. ಮಧ್ಯಾಹ್ನದ ಪ್ರಾಕ್ಟಿಕಲ್ ತರಗತಿಗಳಲ್ಲಿ ಸಾಲುಸಾಲಾಗಿ ಗೈರು. ಕಾರಣ ಹುಡುಕಲು ಯಾವ ಸಿದ್ಧಾಂತವೂ ಬೇಕಾಗಲಿಲ್ಲ. ಪ್ರಾಕ್ಟಿಕಲ್ ಮುಗಿಯುತ್ತಿದ್ದದ್ದು ಸಂಜೆ ಐದೂವರೆಗೆ. ಅವರ ಊರುಗಳ ಕಡೆಯ ಬಸ್ಸು ಅದಕ್ಕೂ ಮೊದಲೇ ಹೊರಡುತ್ತಿತ್ತು. ಪ್ರಾಕ್ಟಿಕಲ್ ಹಾಜರಿ ಸಾಲದೆ ಪರೀಕ್ಷೆ ತಪ್ಪಿತು, ಪರೀಕ್ಷೆ ತಪ್ಪಿದ ಮೇಲೆ ಮನೆಯವರು ಕಾಲೇಜು ಬಿಡಿಸಿದರು.

ಇದನ್ನೆಲ್ಲ ಒಂದು ಕೋಷ್ಟಕ ಮಾಡಿ ವರದಿಯಲ್ಲಿ ಸೇರಿಸಿದೆ. ಕರಡು ಓದಿದ ಹಿರಿಯರೊಬ್ಬರು ನನ್ನನ್ನು ಕರೆದು, "ನೀವು ಬರೆದದ್ದು ಸುಳ್ಳಲ್ಲರೀ. ಆದರ ನಮ್ಮ ಮನಿ ಹುಳುಕ ನಾವಽ ಹೊರಗ ತೋರ್ಸೋದು ಯಾಕ? ಈ ಪುಟ ತಗದುಬಿಡ್ರಿ" ಎಂದರು. ನಾನು ತೆಗೆದೆ. ವಾದಿಸಬಹುದಾಗಿತ್ತು, ವಾದಿಸಲಿಲ್ಲ. ತಂಡ ಬಂತು, ಹೋಯಿತು, ಒಳ್ಳೆಯ ಶ್ರೇಣಿಯೇ ಸಿಕ್ಕಿತು.

ಆದರೆ ಆ ಪುಟ ವಿಭಾಗದ ಕಡತದಲ್ಲಿ ಉಳಿಯಿತು. ಮುಂದಿನ ವರ್ಷ ವೇಳಾಪಟ್ಟಿ ಮಾಡುವಾಗ ಅದನ್ನು ಮೇಜಿನ ಮೇಲಿಟ್ಟು ಪ್ರಾಕ್ಟಿಕಲ್ ತರಗತಿಗಳನ್ನು ಬೆಳಿಗ್ಗೆಗೆ ತಂದೆವು. ಆ ವರ್ಷ ಸೇರಿದ ಹುಡುಗಿಯರಲ್ಲಿ ಹೆಚ್ಚಿನವರು ಮೂರೂ ವರ್ಷ ಓದಿ ಮುಗಿಸಿದರು. ಮುದ್ರಿತ ವರದಿಯ ನೂರಾರು ಪುಟಗಳಲ್ಲಿ ಯಾವುದೂ ಮಾಡದ ಕೆಲಸವನ್ನು ಅದರಿಂದ ತೆಗೆದುಹಾಕಿದ ಒಂದು ಪುಟ ಮಾಡಿತು.

ಶ್ರೇಣಿಯ ಭಾರ

ಒಬ್ಬ ಹಿರಿಯರನ್ನು ದೂರಿ ಪ್ರಯೋಜನವಿಲ್ಲ. ಅವರ ಭಯಕ್ಕೆ ವ್ಯವಸ್ಥೆಯಲ್ಲೇ ಕಾರಣವಿತ್ತು, ಮತ್ತು ಆ ಕಾರಣ ವರ್ಷದಿಂದ ವರ್ಷಕ್ಕೆ ದೊಡ್ಡದಾಯಿತು. ನ್ಯಾಕ್ ಮಾನ್ಯತೆ ಮೊದಲು ಸ್ವಇಚ್ಛೆಯದಾಗಿತ್ತು. ಆಗ ನಕ್ಷತ್ರಗಳನ್ನು ಕೊಡುತ್ತಿದ್ದರು, ಶೇ. 75 ಮತ್ತು ಮೇಲ್ಪಟ್ಟರೆ ಐದು ನಕ್ಷತ್ರ. 2002ರಲ್ಲಿ ಒಂಬತ್ತು ಹಂತಗಳ ಅಕ್ಷರ ಶ್ರೇಣಿ ಬಂತು. 2007ರಲ್ಲಿ ನಾಲ್ಕು ಅಂಕಗಳ ಸರಾಸರಿ ಪದ್ಧತಿ ಜಾರಿಯಾಯಿತು. 2016ರಲ್ಲಿ ಮತ್ತೆ 'ಎ ಪ್ಲಸ್ ಪ್ಲಸ್' ಮೊದಲಾದ ಶ್ರೇಣಿಗಳು ಬಂದವು. 2017ರಿಂದ ಮೌಲ್ಯಾಂಕನದ ದೊಡ್ಡ ಪಾಲು ಗಣಕಕ್ಕೆ ಸೇರಿಸುವ ಸಂಖ್ಯೆಗಳ ಮೇಲೆ ನಿಂತಿತು.

ಇನ್ನೊಂದು ಕಡೆ ಧನಸಹಾಯ ಆಯೋಗದ 2012ರ ನಿಯಮಗಳು ಮಾನ್ಯತೆಯನ್ನು ಕಡ್ಡಾಯಗೊಳಿಸಿದವು. 2018ರ ನಿಯಮಗಳು ವಿಶ್ವವಿದ್ಯಾಲಯಗಳ ಸ್ವಾಯತ್ತತೆಯನ್ನೂ ಅಂಕಕ್ಕೆ ಕಟ್ಟಿಹಾಕಿದವು. ಹೀಗೆ ಅಂಕದ ಬೆಲೆ ಏರಿದಂತೆ ವರದಿಯಲ್ಲಿ ನಿಜ ಬರೆಯುವ ಬೆಲೆಯೂ ಏರಿತು. ಮಾಪನದಿಂದ ಬಹುಮಾನ ಸಿಗುವುದಾದರೆ ಮಾಪಕವನ್ನು ತಿರುಚುವ ಆಸೆ ಹುಟ್ಟುವುದು ಸಹಜ. 2025ರ ಫೆಬ್ರವರಿಯಲ್ಲಿ ಆಂಧ್ರಪ್ರದೇಶದ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಒಳ್ಳೆಯ ಶ್ರೇಣಿ ನೀಡಲು ಲಂಚ ಪಡೆದ ಆರೋಪದ ಮೇಲೆ ಪರಿಶೀಲನಾ ತಂಡದ ಅಧ್ಯಕ್ಷರನ್ನೂ ಕೆಲವು ಸದಸ್ಯರನ್ನೂ ಸಿಬಿಐ ಬಂಧಿಸಿತು. ಆರೋಪದ ಸತ್ಯಾಸತ್ಯತೆಯನ್ನು ನ್ಯಾಯಾಲಯ ಹೇಳಬೇಕು. ಆದರೆ ಶ್ರೇಣಿಯ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದನ್ನು ಆ ಸುದ್ದಿಯೇ ಹೇಳಿತು.

ಇಸ್ರೋ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ಸಮಿತಿ ಶ್ರೇಣಿಗಳ ಬದಲು 'ಮಾನ್ಯತೆ ಇದೆ' ಅಥವಾ 'ಇಲ್ಲ' ಎಂಬ ಎರಡೇ ಉತ್ತರಗಳ ಪದ್ಧತಿಯನ್ನೂ, ಮುಂದೆ ಬೆಳೆಯಬಯಸುವ ಸಂಸ್ಥೆಗಳಿಗೆ ಐದು ಮಟ್ಟಗಳನ್ನೂ ಸೂಚಿಸಿತು. ಈ ಸುಧಾರಣೆಗಳನ್ನು ಜಾರಿಗೆ ತರುವ ನಿರ್ಧಾರ 2024ರ ಜನವರಿಯಲ್ಲಿ ಪ್ರಕಟವಾಯಿತು. ಪೈಪೋಟಿ ಸ್ವಲ್ಪ ತಗ್ಗಲು ಇದರಿಂದ ಅನುಕೂಲವಾಗಬಹುದು.

ಆದರೂ ಪದ್ಧತಿ ಯಾವುದೇ ಇರಲಿ, ವಿಭಾಗದ ಅಧ್ಯಾಪಕರು ಮಾಡಬಹುದಾದ ಒಂದು ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಹೊರಗೆ ಕಳಿಸುವ ವರದಿಯ ಹೊರತಾಗಿ, ವರ್ಷಕ್ಕೊಮ್ಮೆ ತಮಗಾಗಿಯೇ ನಾಲ್ಕು ಪುಟ ಬರೆದುಕೊಳ್ಳಬಹುದು. ಅದಕ್ಕೆ ಅಂಕವಿಲ್ಲ, ಶ್ರೇಣಿಯಿಲ್ಲ. ಮೊದಲ ಸಾಲು ಮಾತ್ರ ಹೀಗಿರಲಿ: ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು, ಉಳಿದವರು ಎಲ್ಲಿ?

ನವಿಲುತೀರ್ಥದ ಮಟ್ಟ ಮುಂದಿನ ಮಳೆಗಾಲದಲ್ಲೂ ಪತ್ರಿಕೆಗಳಲ್ಲಿ ಬರುತ್ತದೆ. ತಳದ ಹೂಳಿನ ಸುದ್ದಿ ಬರುವುದು ಅಪರೂಪ. ಆದರೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಬೇಕಾದರೆ ಯಾರಾದರೂ ದೋಣಿ ಹತ್ತಿ ಆ ಆಳವನ್ನು ಅಳೆಯಲೇಬೇಕು.