ಕಣಿವೆಯಲ್ಲೊಂದು ಮಹಡಿಯಿಲ್ಲದ ಮನೆ

ಕ್ಯಾಲಿಫೋರ್ನಿಯಾದಲ್ಲಿರುವ ಗೆಳೆಯನೊಬ್ಬ ಮೊನ್ನೆ ಫೋನ್ ಮಾಡಿದ್ದ. ಲಾಸ್ ಏಂಜಲೀಸ್ ಪಕ್ಕದ ಟೊಪಾಂಗಾ ಕಣಿವೆಯಲ್ಲಿ ಒಂದು ಹಳೇ ಮನೆ ನೋಡಿದ್ದಾನಂತೆ. ಮಹಡಿ ಇಲ್ಲ, ಸುತ್ತ ಓಕ್ ಮರ, ಹಿಂದೆ ಗುಡ್ಡ, ಮುಂದೆ ಮಳೆ ಬಂದಾಗ ಹರಿಯುವ ಹಳ್ಳ. "ಅಮ್ಮನಿಗೆ ಮಂಡಿ ನೋವು ಮಾರಾಯ, ಇಲ್ಲಿಗೆ ಬಂದರೆ ಮೆಟ್ಟಿಲು ಹತ್ತೋ ತಾಪತ್ರಯ ಇರಲ್ಲ. ನೀನು ಹಳೇದೆಲ್ಲ ಓದ್ತಿರ್ತೀಯಲ್ಲ, ಜಾಗ ಹೇಗೆ ಹೇಳು" ಅಂದ. ಬೆಲೆ, ಬಡ್ಡಿ ನನಗೆ ತಿಳಿಯದ ವಿಷಯ. ಆದರೆ ಆ ಬೆಟ್ಟಗಳ ಚರಿತ್ರೆ ಸ್ವಲ್ಪ ಗೊತ್ತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಮನೆಯ ಕಥೆ. ಸ್ಪೇನ್, ಮೆಕ್ಸಿಕೋ ಆಳ್ವಿಕೆಯ ಕಾಲದಲ್ಲಿ ಅಲ್ಲಿ ದನ ಸಾಕುವ ದೊಡ್ಡ ದೊಡ್ಡ ಜಮೀನುಗಳಿದ್ದವು. 'ರಾಂಚೋ' ಅಂತ ಹೆಸರು. ಹಸಿ ಇಟ್ಟಿಗೆಯ ದಪ್ಪ ಗೋಡೆ, ಉದ್ದ ಜಗಲಿ, ನಡುವೆ ಅಂಗಳ. ಈ ನಮೂನೆಯನ್ನು 1930ರ ದಶಕದಲ್ಲಿ ಸ್ಯಾನ್ ಡಿಯಾಗೋದ ಕ್ಲಿಫ್ ಮೇ ಎಂಬಾತ ಹೊಸ ಕಾಲಕ್ಕೆ ಒಗ್ಗಿಸಿದ. ವಾಸ್ತುಶಿಲ್ಪದ ಪದವಿ ಓದಿದವನಲ್ಲ. ಹಳೇ ರಾಂಚೋ ಮನೆಗಳನ್ನು ಚಿಕ್ಕಂದಿನಿಂದ ನೋಡಿ ಬೆಳೆದವನು. 1946ರಲ್ಲಿ 'ಸನ್‌ಸೆಟ್' ಪತ್ರಿಕೆಯವರು ಅವನ ಜೊತೆ ಸೇರಿ ಇಂಥ ಮನೆಗಳ ಪುಸ್ತಕವನ್ನೇ ತಂದರು. ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ 1944ರ ಕಾಯ್ದೆಯಿಂದ ಸುಲಭ ಸಾಲ ಸಿಗುತ್ತಿತ್ತು. ಹೀಗೆ 'ರಾಂಚ್ ಹೌಸ್' ಅಮೆರಿಕದ ತುಂಬ ಹರಡಿತು.

ಇಲ್ಲೊಂದು ಗಮನಿಸಬೇಕಾದ ವಿಷಯವಿದೆ. ಈ ಮನೆ ಹುಟ್ಟಿದ್ದು ಬಯಲಿನಲ್ಲಿ. ಅದು ಮೇಲಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಹರಡಿಕೊಳ್ಳುತ್ತದೆ. ಅಷ್ಟು ಅಗಲದ ಸಮತಟ್ಟು ನೆಲ ಬೇಕು. ಕಣಿವೆಯಲ್ಲಿ ಅದೆಲ್ಲಿಂದ ಬರಬೇಕು? ಒಂದೋ ಹಳ್ಳದ ದಡದಲ್ಲಿ ನೀರೇ ತಂದು ಹರವಿದ ಮಣ್ಣು, ಇಲ್ಲವೇ ಗುಡ್ಡ ಕಡಿದು, ಕಡಿದ ಮಣ್ಣನ್ನು ಇನ್ನೊಂದು ಪಕ್ಕಕ್ಕೆ ತುಂಬಿ ಮಾಡಿದ ತಟ್ಟು.

ಯುದ್ಧ ಮುಗಿದ ಮೇಲೆ ಬುಲ್ಡೋಜರುಗಳು ಗುಡ್ಡ ಹತ್ತಿದವು. 1952ರ ಚಳಿಗಾಲದ ಮಳೆಗೆ ಹೀಗೆ ತುಂಬಿದ ಮಣ್ಣು ಮನೆಗಳ ಸಮೇತ ಜಾರಿತು. ಗುಡ್ಡ ಕಡಿಯುವುದಕ್ಕೂ ಮಣ್ಣು ತುಂಬುವುದಕ್ಕೂ ಲಾಸ್ ಏಂಜಲೀಸ್ ನಗರ ನಿಯಮ ಮಾಡಿದ್ದು ಆಗ. 1963ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಹಾಗಾಗಿ ಆ ಬೆಟ್ಟಗಳಲ್ಲಿ ಮನೆ ಯಾವ ಇಸವಿಯದು ಅನ್ನುವುದು ಬರೀ ಹಳತು ಹೊಸತಿನ ಪ್ರಶ್ನೆಯಲ್ಲ. ನೆಲದಡಿ ಏನಿದೆ ಅನ್ನುವ ಪ್ರಶ್ನೆ.

ಇನ್ನು ಬೆಂಕಿ. ಆ ಬೆಟ್ಟಗಳ ಮೇಲಿರುವುದು ನಮ್ಮ ಮಲೆನಾಡಿನಂಥ ಕಾಡಲ್ಲ. 'ಚಾಪರಾಲ್' ಎಂಬ ಕುರುಚಲು. ಬೇಸಿಗೆಯಿಡೀ ಒಣಗಿರುತ್ತದೆ. ಅದರ ಮೇಲೆ ಮರುಭೂಮಿಯ ಕಡೆಯಿಂದ 'ಸಾಂಟಾ ಆನಾ' ಎಂಬ ಒಣಗಾಳಿ ಬೀಸುತ್ತದೆ. ಕಿರಿದಾದ ಕಣಿವೆಗಳಲ್ಲಿ ಆ ಗಾಳಿಗೆ ಇನ್ನಷ್ಟು ಜೋರು.

1961ರ ನವೆಂಬರ್ 6ರಂದು ಬೆಲ್ ಏರ್ ಬೆಟ್ಟಗಳಲ್ಲಿ 484 ಮನೆಗಳು ಸುಟ್ಟುಹೋದವು. ಆಗ ತಾನೇ ಉಪಾಧ್ಯಕ್ಷ ಪದವಿಯಿಂದ ಇಳಿದಿದ್ದ ನಿಕ್ಸನ್ ತಮ್ಮ ಬಾಡಿಗೆ ಮನೆಯ ಸೂರಿನ ಮೇಲೆ ನಿಂತು ಪೈಪಿನಲ್ಲಿ ನೀರು ಹಾಯಿಸುತ್ತಿರುವ ಫೋಟೋ ಪ್ರಸಿದ್ಧ. ಆ ಸೂರುಗಳಿಗೆ ಹೆಚ್ಚಾಗಿ ಮರದ ಸೀಳುಗಳನ್ನೇ ಹೊದಿಸುತ್ತಿದ್ದರು. ಒಂದು ಮನೆಯ ಸೂರಿನಿಂದ ಹಾರಿದ ಕೆಂಡ ಇನ್ನೊಂದರ ಮೇಲೆ. ಅಗ್ನಿಶಾಮಕ ಇಲಾಖೆ ಮರುವರ್ಷ ತಂದ ಚಿತ್ರದ ಹೆಸರೇ 'ಡಿಸೈನ್ ಫಾರ್ ಡಿಸಾಸ್ಟರ್'. ಮನೆ ಕಟ್ಟಿದ ರೀತಿಯಲ್ಲೇ ಅನಾಹುತ ಇತ್ತು ಅಂತ.

ಒಂದೇ ಅಂತಸ್ತಿನ ಮನೆಗೆ ಒಳ್ಳೆಯ ಗುಣಗಳೂ ಇವೆ. ಭೂಕಂಪದಲ್ಲಿ ಓಲಾಟ ಕಡಿಮೆ, ಯಾವ ಕೋಣೆಯಿಂದಲೂ ಹೊರಗೋಡಬಹುದು, ಸೂರಿನ ಮೇಲಿನ ತರಗೆಲೆ ತೆಗೆಯುವುದೂ ಸುಲಭ. ಆದರೆ ಅಷ್ಟೇ ಜಾಗದ ಎರಡಂತಸ್ತಿನ ಮನೆಗಿಂತ ಸೂರು ಸುಮಾರು ಎರಡರಷ್ಟು. ಅಂದರೆ ಕೆಂಡ ಬೀಳುವ ಜಾಗವೂ ಅಷ್ಟೇ. ಸೂರಿನಂಚಿನ ಗಾಳಿಕಿಂಡಿಗಳಿಂದ ಒಳನುಗ್ಗುವ ಕಿಡಿಗೆ ತಕ್ಕಂತೆ ರಾಜ್ಯದ ಕಟ್ಟಡ ನಿಯಮ ಬಂದದ್ದು 2008ರಲ್ಲಿ, ಅದೂ ಹೊಸದಾಗಿ ಕಟ್ಟುವವರಿಗೆ. 1950ರ ಮನೆ ಕೊಂಡವನು ತಾನೇ ಜಾಲರಿ ಹಾಕಿಸಿಕೊಳ್ಳಬೇಕು.

ಹೀಗೆ ಒಂದೊಂದು ಅನಾಹುತವೂ ಮನೆ ಕೊಳ್ಳುವ ಕಾಗದಕ್ಕೆ ಒಂದೊಂದು ಪುಟ ಸೇರಿಸಿದೆ. ಬೇರೆಲ್ಲೂ ವಿಮೆ ಸಿಗದವರಿಗಾಗಿ 'ಫೇರ್ ಪ್ಲಾನ್' ಹುಟ್ಟಿದ್ದು 1968ರಲ್ಲಿ. ಟೊಪಾಂಗಾದಲ್ಲೇ 1993ರ ನವೆಂಬರ್‌ನಲ್ಲಿ ಬೆಂಕಿ ಎದ್ದು ನೂರಾರು ಮನೆ ಹೋದವು, ಮೂವರು ಸತ್ತರು. ಬೆಂಕಿ, ಪ್ರವಾಹ, ಭೂಕಂಪದ ವಲಯಗಳನ್ನು ಮಾರುವವನು ಬರೆದುಕೊಡಲೇಬೇಕು ಅನ್ನುವ ಪತ್ರ ಬಂದದ್ದು 1998ರಲ್ಲಿ. ಬೆಂಕಿ ಆರಿತು ಅಂದರೆ ಮುಗಿಯಿತು ಅಂತಲೂ ಅಲ್ಲ. 2017ರ ಡಿಸೆಂಬರ್‌ನಲ್ಲಿ ಸುಟ್ಟ ಬೆಟ್ಟ 2018ರ ಜನವರಿ 9ರ ಮಳೆಗೆ ಕೆಸರು, ಬಂಡೆಗಳಾಗಿ ಇಳಿದು ಮಾಂಟೆಸೀಟೋದಲ್ಲಿ 23 ಜನರ ಜೀವ ತೆಗೆಯಿತು. 2025ರ ಜನವರಿ 7ರಂದು ಹತ್ತಿದ ಪ್ಯಾಲಿಸೇಡ್ಸ್ ಬೆಂಕಿ ಟೊಪಾಂಗಾದ ಅಂಚಿಗೂ ಬಂತು. ಒಟ್ಟು 6,800ಕ್ಕೂ ಹೆಚ್ಚು ಕಟ್ಟಡಗಳು, 12 ಜೀವ.

ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ. ಮಾರುವವನು ಕೊಡುವ ಆ ಕಾಗದದ ಕಟ್ಟನ್ನು ಸಹಿ ಹಾಕುವ ಶಾಸ್ತ್ರ ಅಂದುಕೊಳ್ಳಬೇಡ, ಊರಿನ ಚರಿತ್ರೆ ಅಂತ ಓದು. ತಟ್ಟು ಮಾಡಿದ್ದು ಯಾವ ಇಸವಿಯಲ್ಲಿ ಅಂತ ಕೇಳು. ಮುಂಗಡ ಕೊಡುವ ಮೊದಲೇ ವಿಮೆಯವರ ದರ ಬರೆಸಿಕೋ. ಕಣಿವೆಯ ಮುಖ್ಯ ರಸ್ತೆ ಒಂದೇ. ರಾತ್ರಿ ಎರಡು ಗಂಟೆಗೆ ಹೊರಡು ಅಂದರೆ ಯಾವ ಕಡೆ ಹೋಗುತ್ತೀಯ, ಒಮ್ಮೆ ಹಗಲಲ್ಲೇ ಕಾರು ಓಡಿಸಿ ನೋಡು.

"ನಾನು ಮನೆ ಕೇಳಿದ್ರೆ ನೀನು ಪುರಾಣ ಹೇಳಿದೆಯಲ್ಲೋ" ಅಂತ ನಕ್ಕ. ಆದರೂ ವಾರದ ನಂತರ ಮತ್ತೆ ಫೋನ್ ಬಂತು. ವಿಮೆಯ ದರ ಇನ್ನೂ ಕೈಗೆ ಬಂದಿಲ್ಲ, ಕಾಯುತ್ತಿದ್ದಾನೆ. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೂ ಎಲ್ಲ ಹೇಳಿದನಂತೆ. ಅವರು ಅಂದದ್ದು: "ಮೆಟ್ಲು ಆದ್ರೆ ಹಿಡ್ಕೊಂಡು ನಿಧಾನಕ್ಕೆ ಹತ್ತಬಹುದು ಮಗಾ, ಓಡೋಕೆ ನನ್ ಕೈಲಾಗಲ್ಲ."

ಅವನು ಇನ್ನೂ ತೀರ್ಮಾನ ಮಾಡಿಲ್ಲ. ಆ ಕಡೆಯ ಕಣಿವೆಗಳಲ್ಲಿ ಮನೆ ಮಾಡಿ ಬಾಳುತ್ತಿರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಅನುಭವ ಬರೆಯಿರಿ. ಅವನಿಗೆ ತಲುಪಿಸುತ್ತೇನೆ.